ಹೊಸ ಕೇಸು, ಹಾರಿಸಿದ ಕೇಸು: ನನ್ನ ಮೊದಲ ನೂರು ತೋಟೆಗಳು

ಮೊದಲ ಸಲ ಸ್ವಂತವಾಗಿ ರೈಫಲ್ ತೋಟೆ ಕಟ್ಟಲು ಕೂತಾಗ ನನ್ನ ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಐವತ್ತು ಹೊಚ್ಚ ಹೊಸ ಹಿತ್ತಾಳೆ ಕೇಸುಗಳು, ಅಂದರೆ ಮದ್ದನ್ನೂ ಗುಂಡನ್ನೂ ಹಿಡಿದಿಡುವ ಕೊಳವೆಗಳು. ಇನ್ನೊಂದರಲ್ಲಿ ನನ್ನದೇ ರೈಫಲಿನಲ್ಲಿ ಒಂದು ಸಲ ಹಾರಿಸಿ ಎತ್ತಿಟ್ಟುಕೊಂಡಿದ್ದ ಐವತ್ತು ಕೇಸುಗಳು, ಕತ್ತೆಲ್ಲ ಮಸಿ. ಹೊಸದಕ್ಕೆ ಏನೂ ಮಾಡಬೇಕಾಗಿಲ್ಲ, ಬುಡಕ್ಕೆ ಪ್ರೈಮರ್ (ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಬಿಲ್ಲೆ) ಕೂರಿಸಿ, ಮದ್ದು ಸುರಿದು, ಗುಂಡು ಒತ್ತಿದರೆ ಆಯ್ತು. ಕೆಲಸ ಇರುವುದೆಲ್ಲ ಹಳೆಯದಕ್ಕೆ ಅಂದುಕೊಂಡಿದ್ದೆ. ಎರಡನ್ನೂ ಒಂದೇ ಥರ ಲೋಡ್ ಮಾಡಿ, ಯಾವುದು ಚೆನ್ನಾಗಿ ಹೊಡೆಯುತ್ತದೆ ನೋಡೋಣ ಎಂಬುದು ಯೋಜನೆ.

ನನಗೆ ಈ ಕೆಲಸ ಕಲಿಸಿದ ಹಿರಿಯ ಶೂಟರ್ ಹೊಸ ಡಬ್ಬಿಯಿಂದ ಒಂದು ಕೇಸು ತೆಗೆದು, ಬಾಯಿಯನ್ನು ನನ್ನ ಕಣ್ಣೆದುರು ಹಿಡಿದರು. "ಹೊಸದು ಅಂದ ಮಾತ್ರಕ್ಕೆ ಸರಿ ಇದೆ ಅಂತ ಯಾರು ಹೇಳಿದ್ರು ನಿಮಗೆ?" ಬಾಯಿ ದುಂಡಗಿರಲಿಲ್ಲ. ಒಂದು ಕಡೆ ಸಣ್ಣಗೆ ನಗ್ಗಿತ್ತು. "ಇದಕ್ಕೆ ನಿಮ್ಮ ರೈಫಲಿನ ಪರಿಚಯವೇ ಇಲ್ಲ. ಆ ಮಸಿ ಹಿಡಿದಿದೆಯಲ್ಲ, ಅದಕ್ಕೆ ಇದೆ" ಅಂದರು.

ಮುಂದೆ ಹೋಗುವ ಮೊದಲು ಒಂದು ಮಾತು. ಮದ್ದಿನ ತೂಕ ಎಷ್ಟು, ಯಾವ ಮದ್ದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮದ್ದು ಮತ್ತು ಗುಂಡು ತಯಾರಿಸುವವರು ಅಚ್ಚು ಹಾಕುವ ಲೋಡ್ ಪುಸ್ತಕದಿಂದಲೇ ಬರಬೇಕು, ಅದೂ ಕೆಳಗಿನ ತೂಕದಿಂದ ಶುರುವಾಗಬೇಕು. ನಿಮ್ಮಲ್ಲಿ ಇದಕ್ಕೆ ಪರವಾನಗಿ ಬೇಕೋ, ಅಸಲಿಗೆ ಅವಕಾಶ ಇದೆಯೋ ಎಂಬುದನ್ನೂ ಮೊದಲು ನೋಡಿಕೊಳ್ಳಿ. ನಾನು ಹೇಳುವುದು ಹಿತ್ತಾಳೆಯ ಕಥೆ ಮಾತ್ರ.

ನನ್ನದು .308 ವಿಂಚೆಸ್ಟರ್. 1952ರಲ್ಲಿ ಬಂದ ತೋಟೆ, ಬೇಟೆಗೂ ಗುರಿ ಸ್ಪರ್ಧೆಗೂ ಚೆನ್ನಾಗಿ ಹೊಂದಿಕೊಂಡಿರುವಂಥದ್ದು. ಕೇಸಿಗೆ ಬುಡ, ಮೈ, ಭುಜ, ಕತ್ತು, ಬಾಯಿ ಎಲ್ಲ ಇದೆ, ಮನುಷ್ಯನ ಹಾಗೆ. ಲೋಹ ನೂರಕ್ಕೆ ಎಪ್ಪತ್ತು ಭಾಗ ತಾಮ್ರ, ಮೂವತ್ತು ಭಾಗ ಸತು. ಈ ಬೆರಕೆಯ ಗುಣ ಏನೆಂದರೆ ಹಿಗ್ಗುತ್ತದೆ, ಆಮೇಲೆ ಒಂಚೂರು ಹಿಂದಕ್ಕೆ ಕುಗ್ಗುತ್ತದೆ. ಗುಂಡು ಹಾರಿದ ಕ್ಷಣದಲ್ಲಿ ಕೇಸು ಉಬ್ಬಿ ಚೇಂಬರಿನ, ಅಂದರೆ ನಳಿಗೆಯ ಹಿಂದೆ ತೋಟೆ ಕೂರುವ ಗೂಡಿನ, ಗೋಡೆಗೆ ಅಂಟಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಕೂದಲೆಳೆಯಷ್ಟು ಕುಗ್ಗಿ, ಹೊರಗೆ ಎಳೆಯಲು ಬಿಡುತ್ತದೆ. ಹಾಗಾಗಿ ಹಾರಿಸಿದ ಕೇಸು ಅಂದರೆ ಆ ರೈಫಲಿನ ಚೇಂಬರಿನ ಎರಕ ಇದ್ದ ಹಾಗೆ.

ಹಳೆಯ ಕೇಸುಗಳಿಂದಲೇ ಶುರು ಮಾಡಿದೆ. ಮೊದಲು ಉರಿದ ಪ್ರೈಮರುಗಳನ್ನು ಹೊರಗೆ ತಳ್ಳುವುದು. ಆ ಮಸಿಯಲ್ಲಿ ಸೀಸ ಇರುತ್ತದೆ, ಪ್ರೈಮರಿನ ಮಿಶ್ರಣದಿಂದ ಬರುವಂಥದ್ದು. ಅದಕ್ಕೇ ಕೈಗವಸು ಹಾಕಿಕೊಂಡೆ. ಮೇಜಿನ ಹತ್ತಿರ ತಿನ್ನುವುದು ಕುಡಿಯುವುದು ಇಲ್ಲ, ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯುವುದು. ಆಮೇಲೆ ಸ್ಟೀಲ್ ಪಿನ್ನು, ನೀರು, ಪಾತ್ರೆ ತೊಳೆಯುವ ಸೋಪು, ಒಂದು ಚಿಟಿಕೆ ನಿಂಬೆ ಉಪ್ಪು ಹಾಕಿ ತಿರುಗುವ ಡ್ರಮ್ಮಿನಲ್ಲಿ ಒಂದು ಗಂಟೆ ಉರುಳಿಸಿದೆ. ಹೊರಗೆ ಬಂದಾಗ ಹೊಸದಕ್ಕಿಂತ ಜಾಸ್ತಿ ಹೊಳೆಯುತ್ತಿದ್ದವು. ಎರಡು ಕೇಸುಗಳ ಕತ್ತಿನಲ್ಲಿ ಪಿನ್ನುಗಳು ಅಡ್ಡ ಸಿಕ್ಕಿಕೊಂಡಿದ್ದವು. ಅವು ಹಾಗೇ ಉಳಿದು, ಮೇಲೆ ಗುಂಡು ಕೂತಿದ್ದರೆ ಸ್ಟೀಲ್ ಚೂರು ನಳಿಗೆಯೊಳಗೆ ಹೋಗುತ್ತಿತ್ತು. ಅವತ್ತಿನಿಂದ ಪ್ರತಿ ಕೇಸನ್ನೂ ಟಾರ್ಚ್ ಹಿಡಿದು ಒಳಗೆ ನೋಡಿಯೇ ಮುಂದಕ್ಕೆ ಕಳಿಸುತ್ತೇನೆ.

ಹೊಳಪಿಗಾಗಿ ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಮಾತ್ರ ಮುಟ್ಟಬೇಡಿ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದರು. ಇದರ ಹಿಂದೆ ಒಂದು ಹಳೆಯ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಮಳೆಗಾಲಕ್ಕೆ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಟ್ಟರೆ, ಮಳೆ ಮುಗಿಯುವ ಹೊತ್ತಿಗೆ ಕೇಸುಗಳು ತಾವಾಗಿಯೇ ಸೀಳಿರುತ್ತಿದ್ದವು. ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಮೂತ್ರದ ಅಮೋನಿಯಾ, ತೇವ, ಹಿತ್ತಾಳೆಯನ್ನು ಎಳೆದು ರೂಪ ಕೊಡುವಾಗ ಅದರಲ್ಲಿ ಉಳಿದಿದ್ದ ಬಿಗಿತ, ಮೂರೂ ಸೇರಿ ಸೀಳುತ್ತಿದ್ದವು.

ಮುಂದಿನದು ಸೈಜಿಂಗ್. ಉಬ್ಬಿದ ಕೇಸನ್ನು ಸ್ಟೀಲ್ ಡೈಯೊಳಗೆ ಒತ್ತಿ ಮತ್ತೆ ಅಳತೆಗೆ ತರುವುದು. ಇಲ್ಲಿ ನಾನು ಮರ್ಯಾದೆಯಾಗಿ ಒಂದು ತಪ್ಪು ಮಾಡಿದೆ. ಯಾರೋ ಕೊಟ್ಟಿದ್ದ ಒಂದು ಚೀಲ ಬೆರಕೆ ಕೇಸುಗಳು ಮೂಲೆಯಲ್ಲಿದ್ದವು. ಯಾವ ರೈಫಲಿನಲ್ಲಿ ಎಷ್ಟು ಸಲ ಹಾರಿವೆಯೋ ಗೊತ್ತಿಲ್ಲ. ಕೈ ಪಳಗಲಿ ಎಂದು ಅದರಲ್ಲಿ ಒಂದನ್ನು ತೆಗೆದು, ಬೆರಳಲ್ಲಿ ಸುಮ್ನೆ ಒಂದು ಹನಿ ಎಣ್ಣೆ ಸವರಿ ಪ್ರೆಸ್ಸಿನ ಹಿಡಿ ಎಳೆದೆ. ಅರ್ಧಕ್ಕೆ ಬಿಗಿಯಾಯಿತು. ಇನ್ನೂ ಎಳೆದೆ. ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹಿಡಿ ಮೇಲಕ್ಕೆತ್ತಿದಾಗ, ಪ್ರೆಸ್ಸಿನಲ್ಲಿ ಕೇಸನ್ನು ಹಿಡಿದಿಡುವ ಹೋಲ್ಡರ್ ಅದರ ಬುಡದ ಅಂಚನ್ನೇ ಕಿತ್ತುಕೊಂಡು ಬಂತು. ಆ ಕೇಸು ಯಾವುದೋ ಸಡಿಲ ಚೇಂಬರಿನಲ್ಲಿ ಚೆನ್ನಾಗಿ ಊದಿಕೊಂಡಿತ್ತು, ನನ್ನ ಎಣ್ಣೆ ಅದಕ್ಕೆ ಸಾಲಲಿಲ್ಲ.

ಬಿಡಿಸಿದ ಬಗೆ ಹೀಗೆ: ಪ್ರೈಮರ್ ಗುಳಿಯ ಮೂಲಕ ಡ್ರಿಲ್ ಹಾಕಿ, ಕಾಲಿಂಚಿನ ಟ್ಯಾಪಿನಲ್ಲಿ ತಿರುಪಿನ ಗೆರೆ ಕೊಯ್ದು, ಬೋಲ್ಟ್ ಹಾಕಿ ಸ್ಪ್ಯಾನರಿನಲ್ಲಿ ಎಳೆದು ತೆಗೆದೆ. ಖಾಲಿ ಕೇಸು, ಪ್ರೈಮರ್ ಇಲ್ಲ, ಮದ್ದಿಲ್ಲ ಎಂದು ಖಾತ್ರಿ ಇದ್ದದ್ದಕ್ಕೆ ಮಾತ್ರ ಈ ಧೈರ್ಯ. ಇಡೀ ಸಂಜೆ ಅದಕ್ಕೇ ಹೋಯಿತು.

ಆಮೇಲೆ ಉಣ್ಣೆಯಿಂದ ಬರುವ ಲ್ಯಾನೊಲಿನ್ ಸೇರಿದ ಲೂಬ್ ತಂದು, ತೆಳ್ಳಗೆ, ಎಲ್ಲ ಕಡೆ ಸವರಿದೆ. ಈಗ ಜಾಸ್ತಿ ಆಯಿತು. ಡೈಯೊಳಗೆ ಎಣ್ಣೆಗೆ ಹೋಗಲು ಜಾಗ ಇಲ್ಲದೆ ಮೂರು ಕೇಸುಗಳ ಭುಜದ ಮೇಲೆ ಗುಳಿ ಬಿತ್ತು. ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ಅಂದರು ನಮ್ಮ ಹಿರಿಯರು. ಅದಾದ ಮೇಲೆ ಕೈಗೆ ಹದ ಸಿಕ್ಕಿತು.

ಎಲ್ಲಕ್ಕಿಂತ ಮುಖ್ಯವಾದ ಪಾಠ ಭುಜದ ಅಳತೆಯದು. .308ರಂಥ ತೋಟೆ ಚೇಂಬರಿನಲ್ಲಿ ನಿಲ್ಲುವುದು ಭುಜದ ಆಧಾರದ ಮೇಲೆ. ಚೇಂಬರನ್ನು ಹಿಂದಿನಿಂದ ಮುಚ್ಚುವ ರೈಫಲಿನ ಬೋಲ್ಟಿನ ಮುಖದಿಂದ ಭುಜದ ಮೇಲಿನ ಒಂದು ಗೊತ್ತಾದ ಬಿಂದುವಿನವರೆಗಿನ ದೂರಕ್ಕೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಅಳತೆಯ ಕ್ಯಾಲಿಪರಿಗೆ, ಭುಜಕ್ಕೆ ತಾಗಿ ನಿಲ್ಲುವ ಕಂಪ್ಯಾರೇಟರ್ ಸಿಕ್ಕಿಸಿ ಹತ್ತು ಹಾರಿಸಿದ ಕೇಸು, ಹತ್ತು ಹೊಸ ಕೇಸು ಅಳೆದೆ. ಹೊಸದರ ಭುಜ ಸುಮಾರು ಐದು ಥೌ ಹಿಂದಿತ್ತು. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಐದು ಥೌ ಅಂದರೆ 0.13 ಮಿ.ಮೀ.

ಇಷ್ಟೇನಾ ಅನ್ನಿಸಿತ್ತು. ಇಷ್ಟೇ, ಆದರೆ ಅದು ಹೋಗುವ ದಾರಿ ನೋಡಿ. ಕೇಸು ಚೇಂಬರಿಗಿಂತ ಗಿಡ್ಡ ಇದ್ದರೆ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ ಮೊದಲು ಅದನ್ನು ಮುಂದಕ್ಕೆ ತಳ್ಳುತ್ತದೆ. ಮದ್ದು ಹೊತ್ತಿದಾಗ ಮುಂಭಾಗದ ತೆಳು ಗೋಡೆ ಚೇಂಬರಿಗೆ ಅಂಟಿ ನಿಲ್ಲುತ್ತದೆ. ಬುಡ ಗಟ್ಟಿ, ದಪ್ಪ, ಅದು ಅಂಟುವುದಿಲ್ಲ. ಹಿಂದಕ್ಕೆ ಸರಿದು ಬೋಲ್ಟಿಗೆ ಬಡಿಯುತ್ತದೆ. ಎರಡರ ನಡುವೆ, ಬುಡದ ಸ್ವಲ್ಪ ಮೇಲೆ, ಗೋಡೆ ಎಳೆದುಕೊಂಡು ತೆಳ್ಳಗಾಗುತ್ತದೆ. ಹೊಸ ಕೇಸು ಮೊದಲ ಸಲ ಹೀಗೆ ಎಳೆಸಿಕೊಳ್ಳುವುದು ತಪ್ಪಿದ್ದಲ್ಲ, ಒಂದು ಸಲಕ್ಕೆ ಏನೂ ಆಗುವುದಿಲ್ಲ. ಆದರೆ ಹಾರಿಸಿದ ಕೇಸನ್ನು ಡೈಯಲ್ಲಿ ಮತ್ತೆ ಐದು ಥೌ ಹಿಂದಕ್ಕೆ ಒತ್ತಿದರೆ ಪ್ರತಿ ಸಲವೂ ಅಷ್ಟೇ ಎಳೆತ. ಕೆಲವೇ ಸುತ್ತಿಗೆ ಕೇಸು ಎರಡು ತುಂಡು.

ನಾನು ಮಾಡಿದ್ದು ಅದನ್ನೇ. ಡೈ ಜೊತೆ ಬಂದ ಚೀಟಿಯಲ್ಲಿ ಹೋಲ್ಡರಿಗೆ ತಾಗುವಷ್ಟು ಕೆಳಗಿಳಿಸಿ, ಆಮೇಲೆ ಇನ್ನೊಂದು ಚೂರು ತಿರುಗಿಸಿ ಎಂದಿತ್ತು. ಹಾಗೇ ಮಾಡಿ ಇಪ್ಪತ್ತು ಕೇಸು ಒತ್ತಿದ್ದೆ. ಅಳೆದು ನೋಡಿದರೆ ಏಳು ಥೌ ಹಿಂದೆ ಹೋಗಿವೆ, ಹೊಸದಕ್ಕಿಂತಲೂ ಗಿಡ್ಡ! ಚೀಟಿಯದು ತಪ್ಪಲ್ಲ. ಯಾರ ರೈಫಲಿಗಾದರೂ ಹೋಗಲಿ ಎಂದು ಬರೆದ ಸೂಚನೆ ಅದು. ನನ್ನ ಬೋಲ್ಟ್ ರೈಫಲಿಗೆ ಎರಡು ಥೌ ಸಾಕು. ಡೈಯನ್ನು ಮೇಲಕ್ಕೆ ತಿರುಗಿಸಿ, ಒಂದು ಕೇಸು ಒತ್ತಿ, ಅಳೆದು, ಇನ್ನೊಂಚೂರು ಇಳಿಸಿ, ಮತ್ತೆ ಅಳೆದು ಆ ಎರಡು ಥೌ ಹಿಡಿದೆ. ಫೈರಿಂಗ್ ಪಿನ್ ಬಿಚ್ಚಿದ ಬೋಲ್ಟಿನಲ್ಲಿ ಖಾಲಿ ಕೇಸು ಹಾಕಿ ಮುಚ್ಚಿ ನೋಡಿದಾಗ ಹಿಡಿ ತನ್ನ ಭಾರಕ್ಕೇ ಬಿತ್ತು. ಲಾಕ್ ರಿಂಗ್ ಬಿಗಿ ಮಾಡಿ ಅದರ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿದೆ. ಆ ಇಪ್ಪತ್ತನ್ನು ಬೇರೆ ಡಬ್ಬಿಗೆ ಹಾಕಿ 'ಹೆಚ್ಚು ಒತ್ತಿದ್ದು' ಎಂದು ಬರೆದಿಟ್ಟೆ. ಈ ಡಬ್ಬಿ ಕೊನೆಯಲ್ಲಿ ಮತ್ತೆ ಬರುತ್ತದೆ.

ಬರೀ ಕತ್ತನ್ನು ಮಾತ್ರ ಬಿಗಿ ಮಾಡುವ ಪದ್ಧತಿಯೂ ಇದೆ. ಹಿತ್ತಾಳೆಗೆ ಕಡಿಮೆ ಕಾಟ. ಆದರೆ ಎರಡು ಮೂರು ಸುತ್ತಿನ ಮೇಲೆ ಬೋಲ್ಟ್ ಮುಚ್ಚಲು ಜೋರು ಹಾಕಬೇಕಾಗುತ್ತದೆ, ಆಗ ಹೇಗೂ ಪೂರ್ತಿ ಡೈಗೆ ಹಾಕಲೇಬೇಕು. ನನಗೆ ಅದು ಹಿಡಿಸಲಿಲ್ಲ.

ಒತ್ತಿದಾಗ ಕೇಸು ಉದ್ದವೂ ಆಗುತ್ತದೆ, ಟೂತ್‌ಪೇಸ್ಟ್ ಹಿಂಡಿದ ಹಾಗೆ ಹಿತ್ತಾಳೆ ಕತ್ತಿನ ಕಡೆಗೆ ಸರಿಯುತ್ತದೆ. .308ಕ್ಕೆ ಗರಿಷ್ಠ ಉದ್ದ 51.18 ಮಿ.ಮೀ., ಅಂದರೆ 2.015 ಇಂಚು. ಅದಕ್ಕಿಂತ ಉದ್ದವಾದರೆ ಬಾಯಿ ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಒತ್ತಡ ಏರುತ್ತದೆ. ಸಾಮಾನ್ಯವಾಗಿ 2.005ಕ್ಕೆ ಕತ್ತರಿಸುತ್ತಾರೆ. ಜಾಣತನ ಮಾಡಲು ಹೋಗಿ ನಾನು ಇವುಗಳಲ್ಲಿ ಹತ್ತು ಕೇಸನ್ನು ಸೈಜಿಂಗಿಗೆ ಮೊದಲೇ ಕತ್ತರಿಸಿದ್ದೆ. ಒತ್ತಿದ ಮೇಲೆ ಒಂದೊಂದೂ ಒಂದೊಂದು ಉದ್ದ. ಮತ್ತೆ ಕತ್ತರಿಸಿ, ಬಾಯಿಯ ಒಳಗೂ ಹೊರಗೂ ಅಂಚು ಕೆರೆದದ್ದಾಯಿತು. ಕೈ ಯಂತ್ರದಲ್ಲಿ ಮಾಡುವವರಿಗೆ ಹೆಬ್ಬೆರಳೇ ಸಾಕ್ಷಿ.

ಇನ್ನು ಹೊಸ ಡಬ್ಬಿ. ಇಷ್ಟೆಲ್ಲ ಆದ ಮೇಲೆ ಅದನ್ನು ಹಾಗೇ ಲೋಡ್ ಮಾಡುವ ಧೈರ್ಯ ಉಳಿದಿರಲಿಲ್ಲ. ಐವತ್ತರಲ್ಲಿ ಹದಿನೈದರ ಬಾಯಿ ನಗ್ಗಿತ್ತು, ಸಾಗಣೆಯಲ್ಲಿ ಒಂದಕ್ಕೊಂದು ಬಡಿದು ಆದದ್ದು. ಕತ್ತಿನೊಳಗೆ ಎಕ್ಸ್‌ಪ್ಯಾಂಡರ್ ತೂರಿಸಿ ದುಂಡಗೆ ಮಾಡಿದೆ. ಬುಡದ ಕಿಡಿತೂತು, ಅಂದರೆ ಪ್ರೈಮರಿನ ಬೆಂಕಿ ಮದ್ದಿಗೆ ಹೋಗುವ ತೂತು, ಒತ್ತಿ ಕೊರೆದದ್ದರಿಂದ ಒಳಗಡೆ ಸಣ್ಣ ಚಕ್ಕೆಗಳು ಎದ್ದಿದ್ದವು. ಅವನ್ನು ಕೆರೆದು ತೆಗೆದೆ. ಇದು ಒಂದು ಕೇಸಿಗೆ ಜೀವನದಲ್ಲಿ ಒಂದೇ ಸಲದ ಕೆಲಸ. ಬಾಯಿಯ ಅಂಚು ಚೂಪಾಗಿತ್ತು. ಅದನ್ನು ಕೆರೆಯದೆ ಮೊದಲ ಗುಂಡು ಒತ್ತಿದಾಗ ಗುಂಡಿನ ತಾಮ್ರದ ಹೊದಿಕೆ ಸಣ್ಣ ಸುರುಳಿಯಾಗಿ ಸಿಪ್ಪೆ ಸುಲಿಯಿತು.

ಇನ್ನೊಂದು ವಿಚಿತ್ರ: ಹೊಸ ಕತ್ತಿನಲ್ಲಿ ಗುಂಡು ಕೂರುವಾಗ ಹಿಡಿಯಲ್ಲಿ ಕಿರ್ರ್ ಎಂದು ಗೊತ್ತಾಗುತ್ತಿತ್ತು. ಒಮ್ಮೆ ಸಲೀಸು, ಒಮ್ಮೆ ಬಿಗಿ. ಬರಿ ಲೋಹದ ಮೇಲೆ ಬರಿ ಲೋಹ. ನಾನು ಪಿನ್ನು ಹಾಕಿ ಉಜ್ಜಿ ಹೊಳಪಿಸಿದ ಹಳೆಯ ಕೇಸುಗಳದ್ದೂ ಅದೇ ಕಥೆ. ಕತ್ತಿನೊಳಗಿನ ಮಸಿಯೇ ಒಳ್ಳೆಯ ಜಾರುಪದರ ಆಗಿತ್ತು, ಅದನ್ನು ನಾನೇ ಕಷ್ಟಪಟ್ಟು ತೊಳೆದಿದ್ದೆ! ಈಗ ಕತ್ತನ್ನು ಗ್ರಾಫೈಟ್ ಪುಡಿಯಲ್ಲಿ ಅದ್ದುತ್ತೇನೆ. ತೊಳೆಯುವುದಕ್ಕೂ ಪಿನ್ನು ಬಿಟ್ಟು ಮೆಕ್ಕೆಜೋಳದ ದಿಂಡಿನ ತರಿ ಬಳಸುತ್ತೇನೆ. ಹೊಳಪು ಕಡಿಮೆ, ಕೆಲಸ ಉತ್ತಮ.

ಲೋಡ್ ಮಾಡಿದ್ದನ್ನು ವಿವರಿಸುವುದಕ್ಕೆ ಜಾಸ್ತಿ ಇಲ್ಲ. ಎರಡೂ ಗುಂಪಿಗೆ ಒಂದೇ ಪ್ರೈಮರ್, ಒಂದೇ ಮದ್ದು, ಒಂದೇ ತೂಕ, 168 ಗ್ರೇನಿನ (ಸುಮಾರು 11 ಗ್ರಾಂ) ಒಂದೇ ಗುಂಡು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಗುಂಡು ಕೂರಿಸುವ ಮೊದಲು ಟ್ರೇನಲ್ಲಿ ನಿಂತ ಎಲ್ಲ ಕೇಸುಗಳ ಒಳಗೂ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ನೋಡಿದೆ. ಯಾವುದರಲ್ಲೂ ಎರಡು ಸಲ ಬಿದ್ದಿಲ್ಲ, ಯಾವುದೂ ಖಾಲಿ ಇಲ್ಲ.

ರೇಂಜಿನಲ್ಲಿ ಗುಂಡಿನ ವೇಗ ಅಳೆಯುವ ಕ್ರೊನೊಗ್ರಾಫ್ ಇಟ್ಟು ಹತ್ತು ಹೊಸದು, ಹತ್ತು ಹಳೆಯದು ಹಾರಿಸಿದೆ. ಹೊಸ ಕೇಸಿನ ಗುಂಡುಗಳು ಸರಾಸರಿ ಸೆಕೆಂಡಿಗೆ ಏಳೆಂಟು ಮೀಟರ್ ನಿಧಾನ. ನನಗೆ ಆಶ್ಚರ್ಯ. ಯಾಕೆಂದರೆ ಹಿಂದಿನ ದಿನವಷ್ಟೇ ಕೇಸುಗಳಿಗೆ ನೀರು ತುಂಬಿ ತೂಗಿ ನೋಡಿದ್ದೆ, ಹೊಸದರಲ್ಲಿ ಜಾಗ ತುಸು ಕಡಿಮೆ ಇತ್ತು. ಜಾಗ ಕಡಿಮೆ ಇದ್ದರೆ ಒತ್ತಡ ಹೆಚ್ಚಬೇಕು, ವೇಗವೂ ಹೆಚ್ಚಬೇಕು, ಅಲ್ವಾ? ಕೇಳಿದಾಗ ನಮ್ಮ ಹಿರಿಯರು ನಕ್ಕರು. "ಅದು ಮೊದಲು ಮೈ ಮುರಿದು ಎದ್ದೇಳಬೇಕಲ್ಲ!" ಹೊಸ ಕೇಸು ಚೇಂಬರಿನ ಅಳತೆಗೆ ಹಿಗ್ಗುವುದಕ್ಕೇ ಒಂಚೂರು ಶಕ್ತಿ ತಿನ್ನುತ್ತದೆ, ಹಿಗ್ಗಿದ ಮೇಲೆ ಆ ಕಡಿಮೆ ಜಾಗವೂ ಉಳಿಯುವುದಿಲ್ಲ ಎಂಬುದು ಅವರ ವಿವರಣೆ. ಎಲ್ಲ ರೈಫಲಿಗೂ ಹೀಗೇ ಎನ್ನಲಾರೆ. ಆದರೆ ನನ್ನದರಲ್ಲಿ ಮೂರು ಬೇರೆ ಬೇರೆ ದಿನ ಇದೇ ಕಂಡಿತು.

100 ಮೀಟರಿನಲ್ಲಿ ಗುಂಪುಗಳ ಗಾತ್ರದಲ್ಲಿ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಹೊಸದು ಹಳೆಯದು ಎರಡಕ್ಕಿಂತಲೂ ನನ್ನ ಉಸಿರಾಟವೇ ದೊಡ್ಡ ದೋಷ. 300 ಮೀಟರಿನಲ್ಲಿ ಹೊಸದರ ಗುಂಪಿನ ನಡುಬಿಂದು ಒಂದೆರಡು ಸೆಂಟಿಮೀಟರ್ ಕೆಳಗೆ ಕೂತಿತು. ಎರಡನ್ನೂ ಬೆರೆಸಿ ಹಾರಿಸಿದ್ದರೆ ಆ ಎತ್ತರದ ಹರಡಿಕೆಗೆ ಮದ್ದನ್ನೋ ಗಾಳಿಯನ್ನೋ ಬೈಯುತ್ತಿದ್ದೆ. ಅಲ್ಲಿಂದ ಒಂದು ನಿಯಮ ಇಟ್ಟುಕೊಂಡೆ: ಹೊಸ ಕೇಸಿನಲ್ಲಿ ಲೋಡ್ ಹುಡುಕುವುದಿಲ್ಲ. ಮೊದಲ ಸುತ್ತು ಅಭ್ಯಾಸಕ್ಕೆ, ಸಾಧಾರಣ ಲೋಡಿನಲ್ಲಿ. ಹೊಸ ಕೇಸಿನಲ್ಲಿ ಗರಿಷ್ಠದ ಹತ್ತಿರ ಹೋಗಿ ಸರಿ ಇದೆ ಎಂದು ನಂಬಿಕೊಂಡರೆ, ಅದೇ ಲೋಡ್ ಎರಡನೇ ಸುತ್ತಿನಲ್ಲಿ ಬೋಲ್ಟ್ ಬಿಗಿ ಹಿಡಿಯಬಹುದು.

ಬೆರಕೆ ಚೀಲದ ಕಥೆ ಮುಗಿಸಿಬಿಡುತ್ತೇನೆ. ಅದರಲ್ಲಿ ಕೆಲವು ಸೈನ್ಯದ 7.62 ಕೇಸುಗಳಿದ್ದವು. ಅವುಗಳ ಪ್ರೈಮರ್ ಗುಳಿಯ ಸುತ್ತ ಲೋಹ ಒತ್ತಿ ಬಿಗಿ ಮಾಡಿರುತ್ತಾರೆ. ಗೊತ್ತಿಲ್ಲದೆ ಹೊಸ ಪ್ರೈಮರ್ ಒತ್ತಿದೆ, ಅರ್ಧಕ್ಕೆ ಓರೆಯಾಗಿ ನಿಂತಿತು. ಕೈ ನಡುಗಿತು ನಿಜ. ಪ್ರೈಮರ್ ಸಿಡಿಯುವ ವಸ್ತು, ಕನ್ನಡಕ ಇಲ್ಲದೆ ಅದರ ಹತ್ತಿರ ಹೋಗಬಾರದು. ಆ ಬಿಗಿತವನ್ನು ಕೆರೆದೋ ಒತ್ತಿಯೋ ತೆಗೆಯಬಹುದು. ಆದರೆ ಆ ಕೇಸುಗಳ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ, ಲೋಡ್ ತಗ್ಗಿಸಿ ಮತ್ತೆ ಮೊದಲಿನಿಂದ ಬರಬೇಕು. ಇಡೀ ಚೀಲವನ್ನು ಗುಜರಿಗೆ ಹಾಕಿದೆ. ಪುಕ್ಕಟೆ ಸಿಕ್ಕಿದ್ದು ಅಂತ ಇಟ್ಟುಕೊಳ್ಳುವ ಚಪಲ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ.

ನಾಲ್ಕನೇ ಸುತ್ತಿನ ಹೊತ್ತಿಗೆ ಹಳೆಯ ಡಬ್ಬಿಯ ಎರಡು ಕೇಸುಗಳ ಕತ್ತು ಸೀಳಿತು. ಪ್ರತಿ ಸಲ ಹಿಗ್ಗಿಸಿ ಕುಗ್ಗಿಸಿದರೆ ಹಿತ್ತಾಳೆ ಗಡುಸಾಗುತ್ತದೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ. ಕತ್ತನ್ನು ಕಾಯಿಸಿ ಮೆದು ಮಾಡುವುದೇ ಪರಿಹಾರ. ಡ್ರಿಲ್ಲಿನ ತುದಿಗೆ ಸಾಕೆಟ್ ಹಾಕಿ, ಕೇಸನ್ನು ಅದರಲ್ಲಿ ನಿಲ್ಲಿಸಿ ತಿರುಗಿಸುತ್ತಾ ಕತ್ತು ಭುಜಗಳಿಗೆ ಮಾತ್ರ ಗ್ಯಾಸ್ ಟಾರ್ಚಿನ ಉರಿ ಹಿಡಿದೆ, ಕೆಲವೇ ಸೆಕೆಂಡು. ಗೊತ್ತಾದ ಒಂದು ಬಿಸಿಗೆ ಕರಗುವಂಥ ಬಣ್ಣ ಸಿಗುತ್ತದೆ. ಅದನ್ನು ಕತ್ತಿನೊಳಗೆ ಹಚ್ಚಿ ಹೊತ್ತು ಗೊತ್ತು ಮಾಡಿಕೊಂಡೆ. ಮೊದಲ ಎರಡನ್ನು ಕೆಂಪಗೆ ಹೊಳೆಯುವ ತನಕ ಕಾಯಿಸಿ ಹಾಳು ಮಾಡಿದೆ, ಕತ್ತು ಬೆರಳಲ್ಲಿ ಒತ್ತಿದರೆ ಬಗ್ಗುತ್ತಿತ್ತು. ಬುಡಕ್ಕೆ ಮಾತ್ರ ಬಿಸಿ ತಾಗಲೇಬಾರದು. ಬುಡ ಮೆದುವಾದ ಕೇಸು ಹಾರಿಸಿದರೆ ಅನಿಲ ನೇರ ಮುಖಕ್ಕೇ ಬರಬಹುದು.

ಈಗ ಆ 'ಹೆಚ್ಚು ಒತ್ತಿದ್ದು' ಡಬ್ಬಿ. ಬಿಸಾಡಲು ಮನಸ್ಸಾಗದೆ ಹಗುರ ಲೋಡಿನಲ್ಲಿ ಬಳಸುತ್ತಿದ್ದೆ. ಡೈ ಸರಿ ಮಾಡಿದ ಮೇಲೆ ಅವುಗಳಿಗೂ ಎರಡೇ ಥೌ. ಪ್ರತಿ ಸುತ್ತಿಗೆ ಮೊದಲು ಪೇಪರ್ ಕ್ಲಿಪ್ಪಿನ ತಂತಿ ನೇರ ಮಾಡಿ, ತುದಿ ಬಗ್ಗಿಸಿ, ಕೇಸಿನೊಳಗೆ ಇಳಿಸಿ ಬುಡದಿಂದ ಮೇಲಕ್ಕೆ ಗೋಡೆಗುಂಟ ಎಳೆಯುವ ಅಭ್ಯಾಸ ಮಾಡಿಕೊಂಡಿದ್ದೆ. ಐದನೇ ಸುತ್ತಿನ ನಂತರ ಒಂದರಲ್ಲಿ ತಂತಿ ತಟಕ್ಕನೆ ಸಿಕ್ಕಿತು. ಹೊರಗೆ ನೋಡಿದರೆ ಬುಡದ ಮೇಲೆ ತೆಳು ಬಿಳಿ ಉಂಗುರ. ಕೇಸನ್ನು ವೈಸಿನಲ್ಲಿ ಹಿಡಿದು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದೆ. ಉಳಿದ ಕಡೆ ಗೋಡೆ ದಪ್ಪಗೆ ಸಾಗಿ ಬಂದು, ಆ ಒಂದು ಕಡೆ ಕಾಗದದ ಹಾಗೆ ತೆಳ್ಳಗಾಗಿತ್ತು. ಇನ್ನೊಂದು ಸುತ್ತು ಹಾರಿಸಿದ್ದರೆ ಮುಂಭಾಗ ಚೇಂಬರಿನಲ್ಲೇ ಉಳಿದು ಬುಡ ಮಾತ್ರ ಕೈಗೆ ಬರುತ್ತಿತ್ತೇನೋ. ಎರಡು ಥೌ ಮಾತ್ರ ಒತ್ತಿದ ಉಳಿದ ಕೇಸುಗಳಲ್ಲಿ ಅದೇ ಐದನೇ ಸುತ್ತಿಗೆ ತಂತಿಗೆ ಏನೂ ಸಿಗಲಿಲ್ಲ.

ಆ ಡಬ್ಬಿಯ ಇಪ್ಪತ್ತಕ್ಕೂ ಇಕ್ಕಳದಲ್ಲಿ ಕತ್ತು ಚಪ್ಪಟೆ ಮಾಡಿದೆ, ಯಾರ ಕೈಗೂ ಸಿಕ್ಕಿ ಮತ್ತೆ ಲೋಡ್ ಆಗದಿರಲಿ ಎಂದು. ಸೀಳಿದ ಅರ್ಧವನ್ನು ಪ್ರೆಸ್ಸಿನ ಪಕ್ಕ ಮೊಳೆಗೆ ನೇತುಹಾಕಿದ್ದೇನೆ. ಮೊನ್ನೆ ಹೊಸ ಐವತ್ತು ಕೇಸು ಬಂದವು. ಬಾಯಿ ದುಂಡಗೆ ಮಾಡಿ, ಕಿಡಿತೂತು ಕೆರೆದು, ಭುಜ ಅಳೆದು, ಡಬ್ಬಿಯ ಮೇಲೆ ಲಾಟ್ ಸಂಖ್ಯೆ ಬರೆದು, ಅದರ ಕೆಳಗೆ 'ಸುತ್ತು: 0' ಎಂದು ಬರೆದಿಟ್ಟಿದ್ದೇನೆ.